ಸೈನೈಡ್ ದಿಬ್ಬ ಬಿಡಿ, ಬಂಡಿದಾರಿ ಹಿಡಿಯಿರಿ

ಕೆಜಿಎಫ್‌ಗೆ ಹೊರಗಿನಿಂದ ಬಂದವರು ಇವತ್ತು ಮೊದಲು ವಿಚಾರಿಸುವುದು ಸೈನೈಡ್ ದಿಬ್ಬಕ್ಕೆ ಹೇಗೆ ಹೋಗಬೇಕು ಎಂದು. ಚಿನ್ನ ತೆಗೆದ ಮೇಲೆ ಉಳಿದ ಬೂದು ಪುಡಿಯನ್ನು ನೂರಿಪ್ಪತ್ತು ವರ್ಷ ಸುರಿದು ಆದ ಗುಡ್ಡಗಳು ಅವು. 2018ರ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಅವೇ ಊರಿನ ಗುರುತಾದವು. ಮಳೆ ಕೊರೆದ ಕೊರಕಲು, ಒಂದು ಗಿಡವೂ ಇಲ್ಲದ ಇಳಿಜಾರು, ಸುತ್ತ ಬಯಲು: ಗೇರ್ ಸೈಕಲ್ ಏರಿ ಗುಡ್ಡ ಇಳಿಯುವ ಹುಚ್ಚಿರುವವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಜಾಗ ದಕ್ಷಿಣ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಹಾಗಾಗಿ ಕೆಜಿಎಫ್‌ನಲ್ಲಿ ಮೌಂಟನ್ ಬೈಕ್ (ಎಂಟಿಬಿ) ಪ್ರವಾಸೋದ್ಯಮ ಎಂಬ ಮಾತು ಎದ್ದಾಗಲೆಲ್ಲ ಬೆರಳು ಆ ದಿಬ್ಬಗಳತ್ತಲೇ ಹೋಗುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಈ ಸೀಮೆಯಲ್ಲಿ ಸೈಕಲ್ ದಾರಿ ಆಗಬೇಕು, ಬೇಗ ಆಗಬೇಕು. ಆದರೆ ದಿಬ್ಬದ ಮೇಲೆ ಒಂದು ಚಕ್ರವೂ ಉರುಳಬಾರದು. ಹೊಸದಾಗಿ ಕಡಿಯಬೇಕಾದ ಟ್ರ್ಯಾಕ್ ಕೂಡ ಬೇಡ. ಬೇಕಾದ ಹಳೆಯ ಬಂಡಿದಾರಿ, ಕಾಲುದಾರಿಗಳು ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಆಗಲೇ ಇವೆ. ಅವನ್ನು ಹುಡುಕಿ, ಅಳೆದು, ದಾಖಲೆಯಲ್ಲಿ ಗಟ್ಟಿ ಮಾಡಬೇಕು, ಅಷ್ಟೆ.

ನೆಲದಿಂದಲೇ ಶುರು ಮಾಡೋಣ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ, ಅಗಲದಲ್ಲಿ ಕೆಲವೇ ಕಿಲೋಮೀಟರ್ ಇರುವ ಕಪ್ಪು ಶಿಲೆಯ ಪಟ್ಟಿಯೊಂದು ಈ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ. ಚಿನ್ನ ಸಿಕ್ಕಿದ್ದು ಇದರೊಳಗೆ. ಇದರ ಎರಡೂ ಬದಿಗೆ ಗ್ರಾನೈಟ್ ಜಾತಿಯ ಕಲ್ಲಿನ ನಾಡು. ಬಂಗಾರಪೇಟೆಯಿಂದ ಬೂದಿಕೋಟೆಯ ಕಡೆ ಹೋದರೆ ಗುಂಡುಬಂಡೆ, ಹಾಸುಬಂಡೆ, ನಡುವೆ ಕೆರೆ, ರಾಗಿ ಹೊಲ, ಟೊಮೆಟೊ ತೋಟ. ಕೆಜಿಎಫ್ ಸುತ್ತ ಕುರುಚಲು ಏರು, ಚೂಪು ಕಲ್ಲು, ನೀಲಗಿರಿ ತೋಪು. ಇಲ್ಲಿ ಗೋಮಾಳವಿದೆ, ಮಳೆ ನಿಂತ ಎರಡೇ ದಿನಕ್ಕೆ ಒಣಗಿ ಗಟ್ಟಿಯಾಗುವ ಗರಸು ಮಣ್ಣಿದೆ. ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಸೈಕಲ್ ಮೂಲೆಗೆ ಒರಗಿರುತ್ತದೆ. ಇಲ್ಲಿ ವರ್ಷದ ಬಹುಪಾಲು ದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಭಾರಿ ಎತ್ತರದ ಬೆಟ್ಟಗಳಿಲ್ಲ, ನಿಜ. ಆದರೆ ಇಡೀ ದಿನ ಸಣ್ಣಸಣ್ಣದಾಗಿ ಏರಿ ಇಳಿಯುವ ದಾರಿಯೇ ಹೆಚ್ಚು ಜನಕ್ಕೆ ಎಟುಕುವಂಥದ್ದು. ಹಿಮಾಲಯದ ಕಡಿದಾದ ಇಳಿಜಾರುಗಳು ಎಲ್ಲರಿಗೂ ಆಗಿಬರುವುದಿಲ್ಲ.

ನೋಡಲಿಕ್ಕೂ ಕೊರತೆಯಿಲ್ಲ, ಅದೂ ಟಿಕೆಟ್ಟಿಲ್ಲದೆ. ಬೂದಿಕೋಟೆ ಹೈದರಾಲಿಯ ಹುಟ್ಟೂರು ಎಂದು ಹೆಸರಾದದ್ದು. ಪೆದ್ದಪಲ್ಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ ಪುರಾತನ ಜ್ವಾಲಾಮುಖಿ ಶಿಲೆಗಳಿವೆ. ಕೋಲಾರ ಜಿಲ್ಲೆಯವರಲ್ಲೇ ಅದನ್ನು ಕಂಡವರು ಎಷ್ಟು ಮಂದಿಯೋ. ಬೇತಮಂಗಲದ ದೊಡ್ಡ ಕೆರೆಯಲ್ಲಿ ಪಾಲಾರ್ ನೀರು ನಿಲ್ಲಿಸಿ ಗಣಿ ಊರಿಗೆ ಪಂಪ್ ಮಾಡಿದ ವ್ಯವಸ್ಥೆಗೆ ಶತಮಾನ ದಾಟಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಬಂದು ಮುಟ್ಟಿದ್ದು ಇದೇ ಊರಿಗೆ. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊಗಳನ್ನು ವಿಜ್ಞಾನಿಗಳು ಗುರುತಿಸಿದರು. ಇವನ್ನೆಲ್ಲ ಕಾರಿನಲ್ಲಿ ಬಂದು ನೋಡಿ ಹೋಗಬಹುದು. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವ ಹತ್ತು ಹನ್ನೆರಡು ಕಿಲೋಮೀಟರ್‌ನಲ್ಲೇ ಈ ನಾಡಿನ ನಿಜವಾದ ರೂಪ ಇರುವುದು, ಅದು ಸೈಕಲ್ಲಿನ ವೇಗಕ್ಕೆ ಮಾತ್ರ ಕಾಣುತ್ತದೆ.

ಈಗಲೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಭೂಮಿಯ ವಹಿವಾಟಿನಲ್ಲಿದೆ. ಇಲ್ಲಿ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ 2001ರ ಫೆಬ್ರುವರಿ ಕೊನೆಗೆ ಬಾಗಿಲು ಹಾಕಿತು. ಆ ಮೇಲಿನ ಎರಡು ದಶಕ ಕಂಪನಿಯ ಸಾವಿರಾರು ಎಕರೆ ಯಾರ ಕೈಗೂ ಪೂರ್ತಿ ಸಿಗದೆ ಬಿದ್ದಿತ್ತು. ಆ ಅನಾಥ ಸ್ಥಿತಿಯಿಂದ ಒಂದು ಲಾಭವಾಯಿತು: ಜನ ಎಲ್ಲೆಲ್ಲಿ ನಡೆಯುತ್ತಿದ್ದರೋ ಅಲ್ಲಲ್ಲೇ ನಡೆದರು, ದನ ಅಲ್ಲೇ ಮೇದವು. ಆ ಕಾಲ ಮುಗಿಯುತ್ತಿದೆ. ಹದಿಮೂರು ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ಪುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ ವ್ಯಾಪ್ತಿಯೇ ಸಾವಿರ ಎಕರೆ. ಉಳಿದ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಮಾತು ನಡೆದಿದೆ. ಅತ್ತ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ ಹೊಸಕೋಟೆಯಿಂದ ಬೇತಮಂಗಲದವರೆಗೆ ಹೊಲಗಳ ನಡುವೆ ಹಾದು ಹೋಗಿದೆ. ಅದರ ಮೇಲೆ ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲ, ಸೈಕಲ್ಲಿನ ಮಾತು ದೂರವೇ ಉಳಿಯಿತು. ಅಡ್ಡ ಬಂದ ಬಂಡಿದಾರಿಗಳು ಅಂಡರ್‌ಪಾಸ್ ಇರುವಲ್ಲಿಗೆ ತಿರುಗಿಕೊಂಡು ಹೋಗಬೇಕು. ಇವೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆ ಬೇಕು, ರಸ್ತೆಯೂ ಬೇಕು. ಆದರೆ ಜಮೀನು ಹಂಚಿಕೆಯಾಗಿ ಕಾಂಪೌಂಡ್ ಎದ್ದ ಮೇಲೆ ಹಳೆಯ ದಾರಿ ಬಿಡಿಸಿಕೊಳ್ಳಲು ಎಷ್ಟು ವರ್ಷ ಕೋರ್ಟು ಅಲೆಯಬೇಕೆಂದು ನಕಾಶೆ ದಾರಿಯ ವ್ಯಾಜ್ಯ ಕಂಡ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ದಾರಿಯನ್ನು ಕಾಗದದಲ್ಲಿ ಹಿಡಿದಿಡಲು ಹಂಚಿಕೆಗೆ ಮುಂಚಿನ ಈ ಕೆಲವು ವರ್ಷಗಳಿಗಿಂತ ಅಗ್ಗದ ಕಾಲ ಮತ್ತೆ ಬರುವುದಿಲ್ಲ.

ಗಣಿ ಮುಚ್ಚಿದ ಊರು ಸೈಕಲ್ ದಾರಿ ಮಾಡಿಕೊಳ್ಳುವುದು ವಿಚಿತ್ರ ಆಲೋಚನೆಯೇನೂ ಅಲ್ಲ. ಕೆಜಿಎಫ್‌ನ ಹಳೆಯ ಸಂಬಂಧಿಕರೇ ಅದನ್ನು ಮಾಡಿ ತೋರಿಸಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಗಣಿ ಕಸುಬು ಬಲ್ಲವರು ಬಂದದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ. ಅಲ್ಲಿನ ತವರ, ತಾಮ್ರದ ಗಣಿಗಳೂ ಮುಚ್ಚಿದವು. ಅದಿರು ಸಾಗಿಸುತ್ತಿದ್ದ ಟ್ರಾಮ್ ಹಳಿಗಳ ಜಾಡನ್ನು ಅವರು ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಬಿಟ್ಟುಕೊಟ್ಟರು. ಪೋರ್ಟ್‌ರೀತ್‌ನಿಂದ ಡೆವೊರಾನ್‌ವರೆಗೆ ಸುಮಾರು 18 ಕಿಲೋಮೀಟರ್, ರೆಡ್‌ರುತ್ ಬಳಿಯ ಗುಡ್ಡದ ಸುತ್ತ ಇನ್ನೊಂದು 12 ಕಿಲೋಮೀಟರ್. ಪಾಳುಬಿದ್ದ ಇಂಜಿನ್ ಮನೆಗಳು ದಾರಿ ಬದಿಯಲ್ಲಿ ಹಾಗೆಯೇ ನಿಂತಿವೆ. 2006ರಲ್ಲಿ ಆ ಗಣಿನಾಡು ಯುನೆಸ್ಕೊ ಪಟ್ಟಿ ಸೇರಿತು. ಅಮೆರಿಕದ ಮಿನೆಸೋಟದ ಕಯುನಾದಲ್ಲಿ ಕಬ್ಬಿಣದ ಅದಿರಿನ ಹೊಂಡಗಳ ಸುತ್ತ 2011ರಲ್ಲಿ ದಾರಿ ತೆರೆದರು. ಟಾಸ್ಮೇನಿಯಾದ ಡರ್ಬಿ ಎಂಬ ತವರದ ಹಳ್ಳಿಯಲ್ಲಿ 2015ರಲ್ಲಿ. ಡರ್ಬಿಯ ಹೆಸರು ಈಗ ಜಗತ್ತಿನ ಎಂಟಿಬಿ ಸವಾರರೆಲ್ಲರ ಬಾಯಲ್ಲಿದೆ. ಅಲ್ಲಿ ಮನೆಗಳ ಬೆಲೆ ಏರಿ ಹಳಬರಿಗೆ ಕಷ್ಟವಾಯಿತೆಂಬ ದೂರೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ನಮಗೆ ಮಾದರಿ ಡರ್ಬಿಗಿಂತ ಕಾರ್ನ್‌ವಾಲ್ ಆಗಲಿ. ದುಬಾರಿ ರೋಮಾಂಚನದ ಟ್ರ್ಯಾಕ್ ಕಟ್ಟದೆ, ಇದ್ದ ಜಾಡನ್ನೇ ಊರಿನವರಿಗೂ ಪರ ಊರಿನವರಿಗೂ ಬಿಟ್ಟುಕೊಟ್ಟ ಮಾದರಿ ಅದು.

ದಿಬ್ಬವನ್ನೇಕೆ ಬಿಡಬೇಕು? ಇದಕ್ಕೆ ಕೊಂಚ ವಿವರವಾಗಿಯೇ ಉತ್ತರ ಕೊಡಬೇಕು, ಯಾಕೆಂದರೆ ಅದರ ಆಕರ್ಷಣೆ ಹುಸಿಯಲ್ಲ. ಚಿನ್ನದ ಕಲ್ಲನ್ನು ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ಕರಗಿಸಿ ಲೋಹ ಬೇರ್ಪಡಿಸಿದ ಮೇಲೆ ಉಳಿಯುವುದೇ ಈ ಪುಡಿ. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಹೆಸರಿನಲ್ಲಿರುವ ವಿಷಕ್ಕಿಂತ ಹೆಸರಿನಲ್ಲಿ ಇಲ್ಲದ ವಸ್ತುವಿಗೆ ಹೆದರಬೇಕು: ಅದು ನಯವಾಗಿ ಅರೆದ ಸಿಲಿಕಾ. ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್ ಇಂಥ ದೂಳಿನದೇ ಕೊಡುಗೆ. ಗಾಳಿಗಾಲ ಬಂತೆಂದರೆ ಈ ಪುಡಿ ಎದ್ದು ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ನೀರಿನ ತೊಟ್ಟಿಯ ಮೇಲೆ ಕೂರುತ್ತದೆ. ಮಳೆ ಬಂದರೆ ಕೊರಕಲಿನಲ್ಲಿ ಇಳಿದು ಹಳ್ಳಕ್ಕೆ ಸೇರುತ್ತದೆ. ಹಾಗೆಯೇ ಬಿಟ್ಟರೆ ದಿಬ್ಬದ ಮೇಲ್ಮೈ ಗಟ್ಟಿಯಾಗಿ ತೆಳುವಾದ ಹೊರಪದರ ಕಟ್ಟುತ್ತದೆ, ಅದೇ ದೂಳಿಗಿರುವ ಅಡ್ಡಿ. ಬ್ರೇಕ್ ಹಿಡಿದು ಜಾರಿಸುವ ಒಂದೇ ಚಕ್ರ ಆ ಪದರವನ್ನು ಒಡೆಯುತ್ತದೆ, ಅದೇ ಗೀರಿನಲ್ಲಿ ಮುಂದಿನ ಮಳೆಯ ನೀರು ಹರಿಯುತ್ತದೆ. ಸವಾರ ಸಂಜೆಯ ಹೊತ್ತಿಗೆ ಬೆಂಗಳೂರಿನ ರೈಲು ಹತ್ತುತ್ತಾನೆ. ಅವನು ಎಬ್ಬಿಸಿದ ದೂಳನ್ನು ಉಸಿರಾಡುವವರು ಚಾಂಪಿಯನ್ ರೀಫ್‌ನ, ಮಾರಿಕುಪ್ಪಂನ ಮಕ್ಕಳು. ಸಿನಿಮಾ ಚಿತ್ರೀಕರಣವನ್ನೇ ಇದೇ ಪರಿಸರದ ಕಾರಣಕ್ಕೆ ಪ್ರಶ್ನಿಸಿದ ಊರು ಇದು. ಅಲ್ಲಿ ಸೈಕಲ್ಲಿಗೆ ಬೇರೆ ನ್ಯಾಯ ಕೇಳಲಾಗದು.

ಗಣಿಯ ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ನೆಲದಡಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ತೋಡಿದ ಊರು ಇದು. ಗಣಿ ನಡೆಯುತ್ತಿದ್ದಾಗ ಬಂಡೆ ಸಿಡಿತ ಇಲ್ಲಿನ ನಿತ್ಯದ ಭಯವಾಗಿತ್ತು, ಅದನ್ನು ಅಳೆಯಲೆಂದೇ ಇಲ್ಲಿ ಉಪಕರಣಗಳ ಜಾಲ ಹರಡಿದ್ದರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಹಳೆಯ ಶಾಫ್ಟ್‌ಗಳು, ಅವುಗಳಿಗಿಂತ ಹಿಂದಿನ ಕಾಲದ ತೋಡುಗಳು ಚಿನ್ನದ ಎಳೆಯ ಉದ್ದಕ್ಕೂ ಇವೆ. ‘ಇಷ್ಟು ಅಪಾಯ ಇರುವಾಗ ದಾರಿಯೇ ಬೇಡ’ ಎನ್ನುವವರಿಗೆ ನನ್ನ ಉತ್ತರ: ಜನ ಅಲ್ಲಿ ಈಗಲೂ ನಡೆಯುತ್ತಿದ್ದಾರೆ, ಗುರುತಿಲ್ಲದೆ ನಡೆಯುತ್ತಿದ್ದಾರೆ. ಗಣಿಯ ನಕ್ಷೆಗಳು ದಾಖಲೆಯಲ್ಲಿರುವ ಊರು ಇದು. ಎಳೆಯಿಂದ ದೂರ ಸರಿದು ದಾರಿ ಗುರುತಿಸುವುದಕ್ಕೂ, ಅಪಾಯದ ಕಡೆಗೆ ಹೋಗುವ ಜಾಡಿಗೆ ಬೇಲಿ ಹಾಕುವುದಕ್ಕೂ ಬೇಕಾದ ಮಾಹಿತಿ ಅವುಗಳಲ್ಲಿದೆ. ದಾರಿ ಗುರುತಿಸುವ ಕೆಲಸವೇ ಸುರಕ್ಷತೆಯ ಕೆಲಸವೂ ಆಗುತ್ತದೆ.

ಆನೆಯ ವಿಷಯದಲ್ಲಿ ನಾನು ಇಷ್ಟು ಸಲೀಸಾಗಿ ಮಾತಾಡಲಾರೆ. ಕಾಮಸಮುದ್ರದ ಕಡೆಯ ಕಾಡು ತಮಿಳುನಾಡು, ಆಂಧ್ರದ ಕಾಡುಗಳಿಗೆ ಅಂಟಿಕೊಂಡಿದೆ. ಆನೆಗಳು ಗಡಿ ನೋಡದೆ ಬಂದು ಹೋಗುತ್ತವೆ. ಬೆಳೆ ಕಳೆದುಕೊಂಡವರು, ಜೀವ ಕಳೆದುಕೊಂಡವರು ಈ ಹೋಬಳಿಯಲ್ಲಿ ಇದ್ದಾರೆ. ಅಲ್ಲಿನ ಅರಣ್ಯದ ಒಂದು ಭಾಗ ಈಗ ಕಾಮಸಂದ್ರ ವನ್ಯಜೀವಿಧಾಮ. ಸೈಕಲ್ ಸದ್ದು ಮಾಡುವುದಿಲ್ಲ ಎಂಬುದು ಅದರ ಗುಣವೆಂದು ಹೊಗಳುತ್ತೇವಲ್ಲ, ಆನೆಯ ಕಾಡಿನಲ್ಲಿ ಅದೇ ಅವಗುಣ. ಸದ್ದಿಲ್ಲದೆ ವೇಗವಾಗಿ ತಿರುವಿನಲ್ಲಿ ಎದುರಾಗುವ ಸವಾರನೂ ಆನೆಯೂ ಒಬ್ಬರಿಗೊಬ್ಬರು ಸಮಯ ಕೊಡುವುದಿಲ್ಲ. ಸವಾರರ ಕೆಲವು ಗುಂಪುಗಳು ‘ಗೈಡ್ ಜೊತೆ ಹೋದರಾಯಿತು’ ಎನ್ನುವುದುಂಟು. ಸಫಾರಿ ಜೀಪಿಗೆ ಹೇಳುವ ಮಾತನ್ನು ಸೈಕಲ್ಲಿಗೆ ಹೇಳಲಾಗದು. ದಕ್ಷಿಣದ ದಾರಿ ಬೂದಿಕೋಟೆಯ ಬಂಡೆಗಳ ಸೀಮೆಯಲ್ಲಿ ಸುತ್ತಿ ವಾಪಸ್ಸಾಗಲಿ, ಅರಣ್ಯದ ಗಡಿಗೆ ಮುಟ್ಟುವುದು ಬೇಡ. ಮುಂಜಾನೆ ಕತ್ತಲೆಯಲ್ಲಿ, ಸಂಜೆ ಹೊತ್ತು ಮುಳುಗಿದ ಮೇಲೆ ಸವಾರಿ ಬೇಡ. ಕಾಡಿನ ಸವಾರಿ ತಪ್ಪಿತಲ್ಲ ಎಂದು ಕೆಲವರಿಗೆ ಬೇಜಾರಾಗಬಹುದು, ಆಗಲಿ.

ಮಣ್ಣು ಸವೆಯುವ ಪ್ರಶ್ನೆಯೂ ಇದೆ. ಗುಡ್ಡದಲ್ಲಿ ಚಕ್ರ ಓಡಿಸಿದರೆ ಮಣ್ಣು ಕೊಚ್ಚಿಹೋಗುತ್ತದೆ ಎಂದು ಪರಿಸರದ ಕಾಳಜಿ ಇರುವವರು ಹೇಳುತ್ತಾರೆ. ಅಮೆರಿಕದ ಮೊಂಟಾನಾದಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ವಿಲ್ಸನ್ ಮತ್ತು ಸೆನಿ ಅವರ ಅಧ್ಯಯನದಲ್ಲಿ ಕುದುರೆಯ ಗೊರಸು, ಮನುಷ್ಯರ ಪಾದ ಸಡಿಲಿಸಿದಷ್ಟು ಮಣ್ಣನ್ನು ಚಕ್ರಗಳು ಸಡಿಲಿಸಲಿಲ್ಲ. ಸವಾರರು ಈ ಮಾತನ್ನು ಎಲ್ಲ ಕಡೆ ಎತ್ತಿ ಹಿಡಿಯುತ್ತಾರೆ, ಆದರೆ ಅರ್ಧ ಮಾತ್ರ. ಆ ಅಧ್ಯಯನ ನಡೆದದ್ದು ಆಗಲೇ ಇದ್ದ ಜಾಡಿನ ಮೇಲೆ. ಹೊಸ ಅಡ್ಡದಾರಿ ತುಳಿದಾಗ ಆಗುವ ಹಾನಿಯ ಲೆಕ್ಕ ಬೇರೆ. ಬೆಂಗಳೂರಿನ ತುರಹಳ್ಳಿ ಕಾಡು ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ವರ್ಷಗಟ್ಟಲೆ ಸವಾರರು ಅಲ್ಲಿ ತಮಗೆ ತೋಚಿದ ಜಾಡು ಮಾಡಿಕೊಂಡರು. ಅದಕ್ಕೆ ಅನುಮತಿಯೂ ಇರಲಿಲ್ಲ, ಸ್ಪಷ್ಟ ನಿಷೇಧವೂ ಇರಲಿಲ್ಲ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನವರು ಬೀದಿಗಿಳಿದು ಕಾಡು ಕಾಡಾಗಿಯೇ ಇರಲಿ ಎಂದರು. ಆ ಹೋರಾಟ ಸರಿಯೇ. ಆದರೆ ಕಾಡಿನೊಳಗೆ ಯಾರು, ಯಾವ ಜಾಡಿನಲ್ಲಿ, ಯಾವ ಹಕ್ಕಿನಿಂದ ಓಡಾಡಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಬಂಡಿಯ ಕಬ್ಬಿಣದ ಪಟ್ಟಿ ನೂರಾರು ವರ್ಷ ಉಜ್ಜಿದ ದಾರಿಗೆ ಸೈಕಲ್ಲಿನ ಟೈರು ಹೊಸ ಗಾಯ ಮಾಡಲಾರದು. ಬಂಡಿದಾರಿಯೇ ಸಾಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಪಾಡಿನದು. ಗಣಿ ಮುಚ್ಚಿದಾಗ ಕೆಲಸ ಹೋದವರ ಬಾಕಿ, ಮನೆಗಳ ಹಕ್ಕು ಇವುಗಳಿಗಾಗಿ ಎರಡು ದಶಕ ಹೋರಾಡಿದ ಊರಿಗೆ ಹೋಗಿ ಪೇಟೆಯವರ ಆಟಕ್ಕೆ ದಾರಿ ಮಾಡೋಣ ಎನ್ನುವುದು ಸೊಕ್ಕಿನ ಮಾತಾಗಿ ಕೇಳಿಸಬಹುದು. ಸೈಕಲ್ ದಾರಿ ಗಣಿ ಕೊಟ್ಟ ಉದ್ಯೋಗವನ್ನು ತುಂಬಿಕೊಡುತ್ತದೆ ಎಂದು ಯಾರಾದರೂ ಯೋಜನಾ ವರದಿ ತಂದರೆ ಅದನ್ನು ನಂಬಬೇಡಿ. ಒಂದಿಷ್ಟು ಚಹಾದಂಗಡಿ, ಊಟದ ಮನೆ, ಪಂಕ್ಚರ್ ಅಂಗಡಿ, ವಾರಾಂತ್ಯಕ್ಕೆ ಬಾಡಿಗೆಗೆ ಸಿಗುವ ಕೋಣೆ, ಅಷ್ಟು ಮಾತ್ರ ಆದೀತು. ಬಂಗಾರಪೇಟೆಯ ಪಾನಿಪುರಿಯವರಿಗೆ ಈ ದಾರಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಆಕ್ಷೇಪದೊಳಗೆ ಒಂದು ತಪ್ಪು ಎಣಿಕೆ ಇದೆ: ಸೈಕಲ್ ಎಂದರೆ ಲಕ್ಷ ರೂಪಾಯಿಯ ಗೇರ್ ಸೈಕಲ್, ಅದನ್ನು ಓಡಿಸುವವನು ಹೊರಗಿನವನು ಎಂಬ ಎಣಿಕೆ. ಈ ರಾಜ್ಯದಲ್ಲಿ 2006–07ರಿಂದ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟಿತ್ತು. ಕೋವಿಡ್ ಸಮಯದಲ್ಲಿ ನಿಂತ ಆ ಯೋಜನೆ ಮತ್ತೆ ಬರಬೇಕೆಂಬ ಬೇಡಿಕೆ ಇದೆ. ಇನ್ನೊಂದೆಡೆ ಸಾವಿರಾರು ಜನ ದಿನಾ ಬೆಳಗಾಗುವ ಮುಂಚೆ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಿಗೆ ಬಂದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಹಳ್ಳಿಯಿಂದ ಹೈಸ್ಕೂಲಿಗೆ, ಲೈನ್ ಮನೆಯಿಂದ ಸ್ಟೇಷನ್ನಿಗೆ ಲಾರಿಗಳ ಕಾಟವಿಲ್ಲದ ಒಂದು ಸಮದಾರಿ ಸಿಕ್ಕರೆ ಅದರ ಮೊದಲ ಬಳಕೆದಾರರು ಇವರೇ. ಭಾನುವಾರ ಬರುವವನು ಅದೇ ದಾರಿಯ ಅತಿಥಿ.

ರೈಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ನಂದಿಬೆಟ್ಟದ ಪಾಡು ಇಲ್ಲಿಗೆ ಬರದಂತೆ ತಡೆಯುವ ಉಪಾಯವೂ ಅದೇ. ನಂದಿಯ ಸಮಸ್ಯೆಗೆ ಸೈಕಲ್ ಕಾರಣವಲ್ಲ, ಮುಂಜಾನೆ ಸಾಲುಗಟ್ಟಿ ಹತ್ತುವ ಕಾರು, ಬೈಕುಗಳೇ ಕಾರಣ. ಬಂಗಾರಪೇಟೆ ಬೆಂಗಳೂರಿನಿಂದ 70 ಕಿಲೋಮೀಟರ್ ದೂರದ ಜಂಕ್ಷನ್, ಅಲ್ಲಿಂದ ಕೆಜಿಎಫ್‌ಗೆ 19ನೇ ಶತಮಾನದಿಂದಲೂ ಕವಲು ಹಳಿ ಇದೆ. ದಾರಿಯ ಎರಡು ತುದಿ ರೈಲು ನಿಲ್ದಾಣಗಳಲ್ಲೇ ಇರಲಿ, ಪಾರ್ಕಿಂಗ್ ಜಾಗವನ್ನು ಬೇಕೆಂದೇ ಕಟ್ಟದಿರಲಿ. ಸೈಕಲ್ ಹತ್ತಿಸಿಕೊಳ್ಳುವ ಸೌಲಭ್ಯ ಭಾನುವಾರದ ಒಂದೆರಡು ಪ್ಯಾಸೆಂಜರ್ ರೈಲುಗಳಲ್ಲಿ ಸಿಕ್ಕರೂ ಸಾಕು. ಜನಸಂದಣಿಯ ಮೇಲೆ ಮಿತಿ ಹಾಕಲು ಗೇಟು, ಟಿಕೆಟು ಕೌಂಟರ್ ಕಟ್ಟುವ ಖರ್ಚೂ ಉಳಿಯುತ್ತದೆ. ಇಲ್ಲವಾದರೆ ಅರಣ್ಯ ಇಲಾಖೆ 2024ರ ಜನವರಿಯಲ್ಲಿ ಕುಮಾರಪರ್ವತದ ನೂಕುನುಗ್ಗಲಿನ ನಂತರ ಚಾರಣಗಳನ್ನೇ ತಡೆದ ಹಾಗೆ ಇಲ್ಲೂ ಒಂದು ದಿನ ಬೀಗ ಬೀಳುತ್ತದೆ.

ಕ್ರೀಡಾ ಇಲಾಖೆಯವರು ಇಲ್ಲಿ ಸ್ಪರ್ಧೆ ನಡೆಸುವ ಆಸೆ ಇಟ್ಟುಕೊಂಡರೆ ತಪ್ಪಿಲ್ಲ. ವಿಜಯಪುರ, ಬಾಗಲಕೋಟೆ, ಗದಗದ ಸೈಕಲ್ ಪಟುಗಳು ದಶಕಗಳಿಂದ ರಾಜ್ಯಕ್ಕೆ ಪದಕ ತರುತ್ತಿದ್ದಾರೆ. ಗದಗದಲ್ಲಿ ರಾಷ್ಟ್ರಮಟ್ಟದ ಎಂಟಿಬಿ ಸ್ಪರ್ಧೆಯೂ ನಡೆದಿದೆ. ಆಗ್ನೇಯದ ಈ ಮೂಲೆಗೆ ಆ ಪರಂಪರೆ ಬಂದಿಲ್ಲ. ಆದರೆ ಸ್ಪರ್ಧೆಯ ಸುತ್ತು ನಾಲ್ಕಾರು ಕಿಲೋಮೀಟರಿನದು. ಮೂರು ದಿನ ಟೇಪು ಕಟ್ಟಿ ಬಿಚ್ಚಿಕೊಂಡು ಹೋಗುತ್ತಾರೆ, ಬಹುಮಾನ ವಿತರಣೆಯ ಫೋಟೊ ಉಳಿಯುತ್ತದೆ. ಅದನ್ನೇ ದಾರಿಯೆಂದು ತಿಳಿದು ಕೈತೊಳೆದುಕೊಳ್ಳಬಾರದು.

ಮಾಡಬೇಕಾದ ಕೆಲಸ ಚಿಕ್ಕದು, ಅದರಲ್ಲಿ ಕಾಂಕ್ರೀಟು ಇಲ್ಲದಿರುವುದೇ ನಮ್ಮ ಇಲಾಖೆಗಳಿಗೆ ಅದರ ಮೇಲೆ ಮನಸ್ಸಾಗದಿರಲು ಕಾರಣವಾದೀತು. ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಗ್ರಾಮ ನಕಾಶೆಗಳಲ್ಲಿ ಚುಕ್ಕಿ ಗೆರೆಯಲ್ಲಿರುವ ಕಾಲುದಾರಿ, ಜೋಡಿ ಗೆರೆಯಲ್ಲಿರುವ ಬಂಡಿದಾರಿಗಳನ್ನು ಭೂಮಾಪಕರು ಸ್ಥಳದಲ್ಲಿ ಹುಡುಕಬೇಕು, ಒತ್ತುವರಿಯಾದವನ್ನು ತಹಶೀಲ್ದಾರರು ತೆರವು ಮಾಡಿಸಬೇಕು. ಭಾರತ್ ಗೋಲ್ಡ್ ಮೈನ್ಸ್ ಜಮೀನಿನಲ್ಲಿ ಜನ ಬಳಸುವ ಜಾಡುಗಳನ್ನು ಜಿಲ್ಲಾಡಳಿತ ಪಟ್ಟಿ ಮಾಡಿ, ದಿಬ್ಬದ ಗುತ್ತಿಗೆಯ ಕರಾರಿನಲ್ಲಿ, ಕೈಗಾರಿಕಾ ಬಡಾವಣೆಯ ನಕ್ಷೆಯಲ್ಲಿ ಅವಕ್ಕೆ ಜಾಗ ಇಡಿಸಬೇಕು. ಕಮ್ಮಸಂದ್ರ, ಬೇತಮಂಗಲ, ಬೂದಿಕೋಟೆಯಂಥ ಕಡೆಗಳ ಗ್ರಾಮ ಪಂಚಾಯಿತಿಗಳಿಗೆ ದಾರಿಯ ಮೇಲುಸ್ತುವಾರಿ ಕೊಟ್ಟು ಗಿಡಗಂಟಿ ಸವರುವ ಕೆಲಸವನ್ನು ಉದ್ಯೋಗ ಖಾತ್ರಿಗೆ ಸೇರಿಸಬಹುದು. ಕಲ್ಲಿನ ಗುರುತು ನೆಟ್ಟು ಅದರ ಮೇಲೆ ಕನ್ನಡದ ಜೊತೆ ಈ ಊರು ಮಾತಾಡುವ ತಮಿಳು, ತೆಲುಗಿನಲ್ಲೂ ಹೆಸರು ಕೆತ್ತಿಸಬಹುದು. ದಿಬ್ಬದಿಂದ ಚಿನ್ನ ತೆಗೆಯುವ ಗುತ್ತಿಗೆ ಇನ್ನೂ ಕಾಗದದ ಹಂತದಲ್ಲಿರುವಾಗಲೇ ಈ ಪಟ್ಟಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇರಬೇಕು, ಏಕೆಂದರೆ ಗುತ್ತಿಗೆಗೆ ಸಹಿ ಬಿದ್ದ ಮರುದಿನ ಏಳುವ ಬೇಲಿಗೆ ಕಾಲುದಾರಿ ಯಾವುದೆಂದು ತಿಳಿಯುವುದಿಲ್ಲ.